ಮೆಟ್ಟಿಲಿಲ್ಲದ ರಂಗಮಂದಿರ

ಕಲಾವಿದನಾಗಲು ಪ್ರತಿಭೆ ಬೇಕು, ಸಾಧನೆ ಬೇಕು, ಗುರುಕೃಪೆ ಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮೂರರ ಜೊತೆಗೆ ನಾಲ್ಕನೆಯದೊಂದೂ ಬೇಕಾಗುತ್ತದೆ. ಬಹುಜನರಿಗೆ ಅದು ಹುಟ್ಟಿನಿಂದಲೇ ದೊರೆತಿರುವುದರಿಂದ ಅದನ್ನು ಯಾರೂ ಎಣಿಕೆಗೆ ಹಿಡಿಯುವುದಿಲ್ಲ. ಕಲಾಮಂದಿರದ ಮೆಟ್ಟಿಲುಗಳನ್ನು ಏರುವ ಕಾಲು, ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲುವ ತ್ರಾಣ, ರಾತ್ರಿ ಕಾರ್ಯಕ್ರಮ ಮುಗಿಸಿಕೊಂಡು ಊರಿಗೆ ಮರಳಲು ಕಿಸೆಯಲ್ಲಿ ಒಂದಿಷ್ಟು ದುಡ್ಡು, ಹೆಣ್ಣುಮಗಳಾಗಿದ್ದರೆ ಜೊತೆಗೆ ಬರುವ ಒಬ್ಬರು, ಇಷ್ಟೂ ಇದ್ದಾಗಲೇ ಪ್ರತಿಭೆಯು ವೇದಿಕೆಯನ್ನು ತಲುಪುತ್ತದೆ. ಇವುಗಳಲ್ಲಿ ಒಂದು ಇಲ್ಲವಾದರೂ ಹಾಡು ಅಡಿಗೆಮನೆಯಲ್ಲಿಯೂ ಚಿತ್ರ ಮಂಚದ ಕೆಳಗಿನ ಟ್ರಂಕಿನಲ್ಲಿಯೂ ಉಳಿದುಬಿಡುತ್ತವೆ.

2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಕರ್ನಾಟಕವೊಂದರಲ್ಲಿಯೇ 13 ಲಕ್ಷಕ್ಕೂ ಮಿಕ್ಕಿದ್ದರು. ಇವರನ್ನು ಮೊದಲು ಅಂಗವಿಕಲರೆಂದೆವು, ಬಳಿಕ ವಿಕಲಚೇತನರೆಂದೆವು, ಈಗ ವಿಶೇಷಚೇತನರೆಂದೂ ಬರೆಯುತ್ತಿದ್ದೇವೆ. ಹೆಸರು ಎರಡು ಸಲ ಬದಲಾಗುವಷ್ಟರಲ್ಲಿ ನಮ್ಮ ಊರಿನ ಎಷ್ಟು ಸಭಾಗೃಹಗಳ ಬಾಗಿಲಿಗೆ ಇಳಿಜಾರಿನ ದಾರಿ ಬಂದಿದೆ ಎಂಬುದನ್ನು ವಾಚಕರು ಒಮ್ಮೆ ಎಣಿಸಿ ನೋಡಬೇಕೆಂದು ನನ್ನ ಬಿನ್ನಹ.

ಈ ಸಂಗತಿ ನನ್ನ ಮನೆಯ ಸಂಗತಿಯಾದದ್ದು ಅಕ್ಕನ ಮಗಳಿಂದ. ಅವಳಿಗೀಗ ಮೂವತ್ತೊಂದು ವರ್ಷ. ಪಿ.ಯು.ಸಿ. ಓದುವಾಗ ಮೆಟ್ಟಿಲೇರುವಾಗಲೆಲ್ಲ ತೊಡೆಯ ಮೇಲೆ ಕೈಯೂರತೊಡಗಿದಳು. ಆಯಾಸವೆಂದು ತಿಳಿದ ತಾಯಿ ಹಾಲು-ತುಪ್ಪ ಹೆಚ್ಚಿಸಿದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಅದಕ್ಕೆ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಹೆಸರು ಹೇಳಿದರು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷಯಿಸುತ್ತ ಹೋಗುವ ಅನುವಂಶಿಕ ರೋಗವದು. ಅವಳಿಗೆ ಬಂದ ಬಗೆಯಲ್ಲಿ ಸೊಂಟ ಮತ್ತು ಭುಜಗಳ ಸುತ್ತಲಿನ ಸ್ನಾಯುಗಳು ಮೊದಲು ಸೋಲುತ್ತವೆ, ಬೆರಳುಗಳು ಬಹುಕಾಲ ಉಳಿಯುತ್ತವೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳನ್ನಷ್ಟೇ ಎಣಿಸಲಾಗಿತ್ತು, ಈ ರೋಗದ ಹೆಸರು ಅಲ್ಲಿರಲಿಲ್ಲ. 2016ರ ಹೊಸ ಕಾಯಿದೆಯಲ್ಲಿ ಆ ಏಳು ಇಪ್ಪತ್ತೊಂದಾಗಿ, ಅವುಗಳಲ್ಲಿ ಇದೂ ಸೇರಿತು.

ಅವಳು ಚಿಕ್ಕಂದಿನಿಂದ ಚಿತ್ರ ಬರೆಯುತ್ತಿದ್ದಳು. ಮೊದಲು ನಿಂತುಕೊಂಡು ಗೋಡೆಗಾನಿಸಿದ ಹಲಗೆಯ ಮೇಲೆ, ಬಳಿಕ ಕುಳಿತು ಮೇಜಿನ ಮೇಲೆ. ಭುಜ ಏಳದಾದಾಗ ದೊಡ್ಡ ಹಾಳೆ ಹೋಗಿ ಅಂಗೈಯಗಲದ ಹಾಳೆ ಬಂತು. ಬಣ್ಣದ ಬಟ್ಟಲಿಗೆ ಕುಂಚ ಒಯ್ಯುವುದೂ ಭಾರವಾದಾಗ ಪೆನ್ಸಿಲ್ ಒಂದೇ ಉಳಿಯಿತು. 2017ರಲ್ಲಿ ಅವಳ ತಮ್ಮ ಕಂತಿನ ಮೇಲೆ ಒಂದು ಟ್ಯಾಬ್ಲೆಟ್ ಕೊಂಡು ತಂದ. ಮನೆಯವರೆಲ್ಲ ಅದನ್ನು ಸಿನೆಮಾ ನೋಡಿ ಹೊತ್ತು ಕಳೆಯಲಿಕ್ಕೆ ತಂದದ್ದೆಂದೇ ತಿಳಿದಿದ್ದರು.

ಈ ಸ್ಪರ್ಶಪರದೆಯ ಗುಣವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅವಳ ಬಾಳು ತಿರುಗಿದ್ದು ಅಲ್ಲಿಯೇ. ಪೆನ್ಸಿಲ್ಲಿಗೆ ಒತ್ತಡ ಬೇಕು, ಕುಂಚಕ್ಕೆ ತೋಳಿನ ಓಟ ಬೇಕು. ಪರದೆಗೆ ಬೆರಳು ತಾಕಿದರೆ ಸಾಕು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿಕೊಂಡರೆ ಎರಡಂಗುಲದ ಚಲನೆಯಲ್ಲಿಯೇ ನಾಲ್ಕಡಿಯ ಚಿತ್ರದ ಮೂಲೆಮೂಲೆಯನ್ನೂ ತುಂಬಬಹುದು. ತಪ್ಪಿದ ಗೆರೆಯನ್ನು ಅಳಿಸಲು ಶ್ರಮವಿಲ್ಲ, ಬಣ್ಣ ಕಲೆಸಲು ಇನ್ನೊಬ್ಬರ ಕೈ ಬೇಡ. ಕ್ರಿತಾ ಎಂಬ ಚಿತ್ರಕಲೆಯ ತಂತ್ರಾಂಶವೊಂದಿದೆ. ಸ್ವಯಂಸೇವಕರೂ ಸೇರಿ ಕಟ್ಟಿದ್ದು, ಉಚಿತವಾಗಿ ದೊರೆಯುವಂಥದು. ನಡುಗುವ ಕೈಯ ಗೆರೆಯನ್ನು ನಯಗೊಳಿಸಿ ನೇರಗೊಳಿಸುವ ಏರ್ಪಾಡು ಅದರಲ್ಲಿದೆ. ಇದನ್ನೆಲ್ಲ ನನಗೆ ತೋರಿಸುತ್ತ ಅವಳು ಹೇಳಿದಳು: "ಮಾಮಾ, ಕಾಗದದ ಮ್ಯಾಲೆ ಕೈ ಓಡ್ಯಾಡಬೇಕು. ಇಲ್ಲೆ ಕಾಗದನ ಕೈ ಕೆಳಗ ಓಡ್ಯಾಡತದ."

ಎರಡು ವರ್ಷಗಳ ನಂತರ ಒಂದು ಸಂಜೆ ಅವಳೇ ಕೇಳಿದಳು: "ಬೆರಳೂ ನಿಂತ ಮ್ಯಾಲೆ ಏನು ಮಾಡೂದು ಮಾಮಾ?" ಮಗಳಂಥವಳು ಕೇಳಿದ ಈ ಪ್ರಶ್ನೆಗೆ ದೇವರಿದ್ದಾನೆ ಎಂದು ಉತ್ತರ ಕೊಟ್ಟು ಎದ್ದುಬರುವುದು ಸುಲಭ. ಅವಳು ಕೇಳಿದ್ದು ದೇವರ ಮಾತಲ್ಲ, ಉಪಾಯದ ಮಾತು. ನಿವೃತ್ತ ಅಧ್ಯಾಪಕನಾದ ನನಗೆ ಪುರಸೊತ್ತಿಗೆ ಕೊರತೆ ಇರಲಿಲ್ಲ. ಓದತೊಡಗಿದೆ. ಹಾಗೆ ಓದುವಾಗ ದೊರೆತದ್ದು ಲಾಸ್ ಏಂಜಲೀಸಿನ ಟೋನಿ ಕ್ವಾನ್ ಎಂಬ ಕಲಾವಿದನ ವೃತ್ತಾಂತ.

ಅಮೇರಿಕೆಯ ಪಟ್ಟಣಗಳಲ್ಲಿ ಬೀದಿಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ಅಕ್ಷರಗಳನ್ನು ಚಿತ್ರವಾಗಿ ಬರೆಯುವ ಗ್ರಾಫಿಟಿ ಎಂಬ ಕಲೆಯೊಂದುಂಟು. ಬಡವರ ಕೇರಿಗಳಲ್ಲಿ ಬೆಳೆದ ಕಲೆಯದು. ಪೊಲೀಸರ ದೃಷ್ಟಿಯಲ್ಲಿ ಅಪರಾಧ, ಬರೆದವರ ದೃಷ್ಟಿಯಲ್ಲಿ ತಾವೂ ಈ ಊರಿನಲ್ಲಿದ್ದೇವೆಂಬ ಸಾಕ್ಷಿ. ಟೆಂಪ್ಟ್ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಟೋನಿ ಕ್ವಾನ್ 1980ರ ದಶಕದಿಂದ ಆ ಕಲೆಯಲ್ಲಿ ಹೆಸರಾದವನು. ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದವರ ಅಕ್ಷರಶೈಲಿಯನ್ನು ತನ್ನದಾಗಿಸಿಕೊಂಡವನು. 2003ರಲ್ಲಿ ಅವನಿಗೆ ಎ.ಎಲ್.ಎಸ್. ಎಂಬ ನರರೋಗ ತಗಲಿತು. ಕೈಕಾಲು, ಮಾತು, ನುಂಗುವಿಕೆ, ಉಸಿರಾಟ ಒಂದೊಂದಾಗಿ ನಿಂತುಹೋಗುವ ರೋಗ. ಆದರೆ ಕಣ್ಣುಗಳನ್ನು ಚಲಿಸುವ ಸ್ನಾಯುಗಳು ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತವೆ. ಬುದ್ಧಿಯೂ ಕಲ್ಪನೆಯೂ ಒಳಗೆ ಎಚ್ಚರವಾಗಿಯೇ ಇದ್ದು ದೇಹ ಮಾತ್ರ ಹಾಸಿಗೆಗೆ ಅಂಟಿಕೊಂಡ ಸ್ಥಿತಿ ಅವನದಾಯಿತು.

2009ರಲ್ಲಿ ಕೆಲವು ತರುಣ ಕಲಾವಿದರೂ ಗಣಕಯಂತ್ರದ ಕೆಲಸಗಾರರೂ ಸೇರಿ ಅವನಿಗಾಗಿ ಒಂದು ಸಾಧನ ಮಾಡಿದರು. ಅಂಗಡಿಯಲ್ಲಿ ಸಿಗುವ ಅಗ್ಗದ ತಂಪು ಕನ್ನಡಕದ ಚೌಕಟ್ಟು, ಮಕ್ಕಳ ಆಟದ ಯಂತ್ರವಾದ ಪ್ಲೇಸ್ಟೇಷನ್ನಿಗೆ ಜೋಡಿಸುವ ಚಿಕ್ಕ ಕ್ಯಾಮರಾ, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಸೂಸುವ ಪುಟ್ಟ ದೀಪಗಳು, ಒಂದಿಷ್ಟು ತಂತಿ. ಒಟ್ಟು ಖರ್ಚು 50 ಡಾಲರಿನ ಆಸುಪಾಸು. ಕ್ಯಾಮರಾ ಕಣ್ಣಿನ ಪಾಪೆಯನ್ನು ನೋಡುತ್ತದೆ. ಪರದೆಯ ಮೇಲಿನ ಚುಕ್ಕೆಗಳನ್ನು ಒಂದಾದ ಮೇಲೊಂದರಂತೆ ದಿಟ್ಟಿಸಿದಾಗ, ಪಾಪೆ ಎಲ್ಲಿದ್ದರೆ ದೃಷ್ಟಿ ಎಲ್ಲಿಗೆ ಬೀಳುತ್ತದೆ ಎಂಬ ಲೆಕ್ಕವನ್ನು ಯಂತ್ರ ಕಲಿತುಕೊಳ್ಳುತ್ತದೆ. ಆ ಮೇಲೆ ನೋಟವೇ ಲೇಖನಿ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಟೋನಿ ಕಣ್ಣಿನಿಂದ ತನ್ನ ಅಂಕಿತವನ್ನು ಬರೆದನು. ಗೆಳೆಯರು ರಾತ್ರಿ ಪೇಟೆಯ ನಡುವೆ ದೊಡ್ಡದೊಂದು ಕಟ್ಟಡದ ಗೋಡೆಯ ಮೇಲೆ ಅದನ್ನು ಬೆಳಕಿನಲ್ಲಿ ಮೂಡಿಸಿ, ಆ ದೃಶ್ಯವನ್ನು ಅವನ ಹಾಸಿಗೆಯ ಬಳಿಯ ಪರದೆಗೆ ಕಳಿಸಿದರು. ನೀರಿನಲ್ಲಿ ಮುಳುಗಿಸಿಟ್ಟವನ ತಲೆಯನ್ನು ಯಾರೋ ಮೇಲೆತ್ತಿ ಉಸಿರಾಡಗೊಟ್ಟಂತಾಯಿತು ಎಂಬರ್ಥದ ಮಾತನ್ನು ಅವನು ಆಗ ತಿಳಿಸಿದನೆಂದು ಈ ಕೆಲಸಕ್ಕೆ ಮುಂದಾಳಾಗಿದ್ದ ಮಿಕ್ ಎಬೆಲಿಂಗ್ ಹೇಳಿದ್ದಾನೆ. ಐರೈಟರ್ ಎಂದು ಹೆಸರಾದ ಈ ಸಾಧನಕ್ಕೆ 2010ರಲ್ಲಿ ಆಸ್ಟ್ರಿಯಾ ದೇಶದ ಆರ್ಸ್ ಎಲೆಕ್ಟ್ರಾನಿಕಾ ಉತ್ಸವದ ಶ್ರೇಷ್ಠ ಪ್ರಶಸ್ತಿ ಬಂತು.

ಪ್ರಶಸ್ತಿಗಿಂತ ನನಗೆ ಹಿರಿದಾಗಿ ಕಂಡದ್ದು ಬೇರೆ. ಸಾಧನವನ್ನು ಮಾಡುವ ಕ್ರಮವನ್ನೂ ಅದರ ತಂತ್ರಾಂಶವನ್ನೂ ಅವರು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟರು. ಏಕಸ್ವಾಮ್ಯ ಪಡೆದು ಮಾರಿದ್ದರೆ ಅದು ಲಕ್ಷಾಧೀಶರ ಆಸ್ಪತ್ರೆಯಲ್ಲಿ ಉಳಿಯುತ್ತಿತ್ತು. ಕಾಲ ಕಳೆದಂತೆ ಇಂಥ ದೃಷ್ಟಿಸಾಧನ ಸಾಮಾನ್ಯ ಯಂತ್ರಗಳ ಒಳಗೇ ಬಂದು ಕುಳಿತಿದೆ. 2017ರಲ್ಲಿ ವಿಂಡೋಸ್ ಗಣಕಗಳು ಜೋಡಣೆಯ ಉಪಕರಣವೊಂದರ ಸಹಾಯದಿಂದ ಕಣ್ಣಿನ ಆಜ್ಞೆ ಕೇಳತೊಡಗಿದವು. 2024ರಲ್ಲಿ ಆಪಲ್ ಕಂಪನಿಯ ಫೋನು ಮತ್ತು ಐಪ್ಯಾಡುಗಳು ತಮ್ಮ ಮುಂದಿನ ಕ್ಯಾಮರಾದಿಂದಲೇ ಅದನ್ನು ಮಾಡುವಂತಾದವು. ಅವುಗಳ ಬೆಲೆ ನಮ್ಮ ಬಡ ಕುಟುಂಬಗಳಿಗೆ ಇನ್ನೂ ಎಟುಕದು ಎಂಬುದು ಬೇರೆ ಮಾತು. ಆದರೂ ಅಕ್ಕನ ಮಗಳ ಪ್ರಶ್ನೆಗೆ ಒಂದು ಉತ್ತರ ಉಂಟೆಂದು ಹೇಳುವ ಧೈರ್ಯ ನನಗೆ ಬಂತು. ಅವಳ ಬಗೆಯ ರೋಗದಲ್ಲಿಯೂ ಕಣ್ಣಿನ ಸ್ನಾಯುಗಳು ಉಳಿಯುತ್ತವೆ.

ಚಿತ್ರ ಹುಟ್ಟಿದರೆ ಸಾಲದು, ನೋಡುವವರು ಬೇಕು. ಅಷ್ಟೇ ಅಲ್ಲದೆ ಜೊತೆಗೆ ಕುಳಿತು ಅದರ ಗುಣದೋಷ ಮಾತಾಡುವ ಕಲಾವಿದರ ಕೂಟವೂ ಬೇಕು. ಮನೆಯೊಳಗೇ ಉಳಿದವರಿಗೆ ಅಂಥ ಕೂಟವನ್ನು ಒದಗಿಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಸೆಕೆಂಡ್ ಲೈಫ್ ಎಂಬುದೊಂದು. ಸ್ಯಾನ್‌ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ ಎಂಬ ಕಂಪನಿ 2003ರಲ್ಲಿ ತೆರೆದ ಕಾಲ್ಪನಿಕ ಜಗತ್ತು ಅದು. ಗಣಕಯಂತ್ರದ ಪರದೆಯಲ್ಲಿ ದ್ವೀಪಗಳು, ಮನೆಗಳು, ಚಿತ್ರಶಾಲೆಗಳು, ನಾಟ್ಯಗೃಹಗಳು ಇವೆ. ಒಬ್ಬೊಬ್ಬರಿಗೂ ಅಲ್ಲಿ ಓಡಾಡಲು ಒಂದು ರೂಪವಿರುತ್ತದೆ, ಅದನ್ನವರು ಅವತಾರವೆನ್ನುತ್ತಾರೆ. ನಮ್ಮ ಪುರಾಣದ ಶಬ್ದ ಕ್ಯಾಲಿಫೋರ್ನಿಯಾದವರೆಗೆ ಹೋಗಿ ಗಣಕಯಂತ್ರವನ್ನು ಹೊಕ್ಕಿದೆ. ಅದು ಸರಿಯಾದ ಶಬ್ದವೇ ಎಂದು ನನಗೆ ತೋರುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದಿಂದ ಬಳಲುತ್ತಿದ್ದ ಆಲಿಸ್ ಕ್ರೂಗರ್ ಎಂಬ ಮಹಿಳೆ ತನ್ನಂಥವರಿಗಾಗಿ ಅಲ್ಲಿ ವರ್ಚುವಲ್ ಎಬಿಲಿಟಿ ಎಂಬ ಸಂಸ್ಥೆಯನ್ನು ಕಟ್ಟಿದಳು. ಹೊಸದಾಗಿ ಬಂದವರಿಗೆ ನಡೆಯುವುದು, ಮಾತಾಡುವುದು, ವಸ್ತುಗಳನ್ನು ನಿರ್ಮಿಸುವುದು ಇವುಗಳನ್ನು ಕಲಿಸುವ ದ್ವೀಪವೊಂದನ್ನು ಅದು ನಡೆಸಿತು. ಅಲ್ಲಿಯ ವಿಕಲಾಂಗರ ಬದುಕನ್ನು ಟಾಮ್ ಬೋಲ್‌ಸ್ಟಾರ್ಫ್ ಮತ್ತು ಡಾನ್ನಾ ಡೇವಿಸ್ ಎಂಬ ವಿದ್ವಾಂಸರು ಅಧ್ಯಯನ ಮಾಡಿದರು. ಅದನ್ನಾಧರಿಸಿ ಬರ್ನ್‌ಹಾರ್ಡ್ ಡ್ರ್ಯಾಕ್ಸ್ 2018ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೂ ತೆಗೆದಿದ್ದಾನೆ.

ಅದರಲ್ಲಿ ವಿಚಾರ ಮಾಡಬೇಕಾದ ಒಂದಂಶವಿದೆ. ಕಾಲಿಲ್ಲದವನು ಆ ಜಗತ್ತಿನಲ್ಲಿ ಓಡಬಹುದು, ಹಾರಬಹುದು, ನರ್ತಿಸಬಹುದು. ಹಲವರು ಹಾಗೆಯೇ ಮಾಡುತ್ತಾರೆ. ಆದರೆ ಮೆದುಳಿನ ಪಾರ್ಶ್ವವಾಯುವಿನೊಡನೆ ಹುಟ್ಟಿದ ಇಂಗ್ಲೆಂಡಿನ ಸೈಮನ್ ಸ್ಟೀವನ್ಸ್ ಅಲ್ಲಿಯೂ ಗಾಲಿಕುರ್ಚಿಯಲ್ಲಿಯೇ ಕಾಣಿಸಿಕೊಂಡನು. ಗಾಲಿಕುರ್ಚಿಯವರಿಗೆಂದೇ ಒಂದು ನೃತ್ಯಶಾಲೆಯನ್ನೂ ತೆರೆದನು. ಕುರ್ಚಿ ತನ್ನ ರೂಪದ ಭಾಗ, ಅದನ್ನು ಕಳಚಿಟ್ಟರೆ ತಾನು ತಾನಾಗಿ ಉಳಿಯೆನು ಎಂಬುದು ಅವನ ನಿಲುವು. ಅಕ್ಕನ ಮಗಳಿಗೆ ಈ ಸಂಗತಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾನಾದ್ರ ದಿನಾ ಒಂದೊಂದು ರೂಪ ತಗೊಳ್ತಿದ್ದೆ" ಎಂದಳು.

ಚಿತ್ರಕ್ಕಿಂತ ಸಂಗೀತದ ಕಥೆ ಹೆಚ್ಚು ತೊಡಕಿನದು. ದನಿ ಅಂತರ್ಜಾಲದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಕಣ್ಣು ಮಿಟುಕಿಸುವಷ್ಟು ಕಾಲ ಹಿಡಿಯುತ್ತದೆ. ಮಾತಿಗೆ ಅದು ಬಾಧಕವಲ್ಲ, ತಾಳಕ್ಕೆ ಬಾಧಕ. ಗಾಯಕ ಒಂದೂರಲ್ಲಿ, ತಬಲಾದವರು ಇನ್ನೊಂದೂರಲ್ಲಿ ಕುಳಿತು ಒಟ್ಟಿಗೆ ನುಡಿಸಹೊರಟರೆ ಸಮದಲ್ಲಿ ಕೂಡುವುದೇ ಇಲ್ಲ. ಅಮೇರಿಕೆಯ ಸಂಗೀತ ಸಂಯೋಜಕ ಎರಿಕ್ ವಿಟೇಕರ್ ಇದಕ್ಕೆ ಬೇರೆ ದಾರಿ ಹಿಡಿದನು. ತಾನು ಮೌನವಾಗಿ ನಿಂತು ನಿರ್ದೇಶನದ ಕೈಸನ್ನೆ ಮಾಡುವುದನ್ನು ಚಿತ್ರೀಕರಿಸಿ ಎಲ್ಲರಿಗೂ ತಲುಪಿಸಿದನು. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಅದನ್ನು ನೋಡುತ್ತ ಹಾಡಿ ಧ್ವನಿಮುದ್ರಿಸಿ ಕಳಿಸಿದರು. ಎಲ್ಲವನ್ನೂ ಒಂದರ ಮೇಲೊಂದು ಹೊಂದಿಸಿದಾಗ ವೃಂದಗಾನವಾಯಿತು. 2010ರ ಮೊದಲ ಸಲ 12 ದೇಶಗಳ 185 ಕಂಠಗಳಿದ್ದವು. 2020ರಲ್ಲಿ 129 ದೇಶಗಳ 17,572 ಕಂಠಗಳು ಕೂಡಿದವು. ಆ ಪರದೆಯ ಮೇಲಿನ ಸಾವಿರಾರು ಚಿಕ್ಕ ಚಿಕ್ಕ ಮುಖಗಳಲ್ಲಿ ಯಾರು ನಿಂತು ಹಾಡಿದರು, ಯಾರು ಮಲಗಿ ಹಾಡಿದರು ಎಂಬುದನ್ನು ಯಾರೂ ಹೇಳಲಾರರು.

ನಮ್ಮ ಸಂಗೀತಶಿಕ್ಷಣಕ್ಕೆ ಈ ವಿಳಂಬ ಅಷ್ಟು ಕಾಡುವುದಿಲ್ಲ. ಗುರು ಹೇಳಿದ ಮೇಲೆ ಶಿಷ್ಯ ಹೇಳುವುದು ನಮ್ಮ ಕ್ರಮ, ನಡುವೆ ಒಂದು ಉಸಿರಿನ ಬಿಡುವು ಹೇಗೂ ಇದ್ದೇ ಇರುತ್ತದೆ. ಇಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನೆನಪಾಗದಿರುವುದು ಸಾಧ್ಯವಿಲ್ಲ. ಹುಟ್ಟುಗುರುಡರಾದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಸಂಗೀತ ಕಲಿತು ಕಟ್ಟಿದ ಆಶ್ರಮವದು. ಅವರ ಬಳಿಕ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿರಲಿಲ್ಲ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ನಾಡೆಲ್ಲ ಹಿಗ್ಗಿತು. ಬಳ್ಳಾರಿಯ ಕಡೆಯ ಬಡ ಜಾನಪದ ಕಲಾವಿದರ ಮನೆಯ ಬಾಲಕನೊಬ್ಬ 1968ರಲ್ಲಿ ಆ ಆಶ್ರಮವನ್ನು ಸೇರಿ ಹನ್ನೆರಡು ವರ್ಷ ಕಲಿತನು. ಅವನೇ ಇಂದಿನ ಪಂಡಿತ ಎಂ. ವೆಂಕಟೇಶಕುಮಾರ.

ಪರದೆಯ ಜಗತ್ತನ್ನು ಹೊಗಳುವವರು ಪುಣ್ಯಾಶ್ರಮವನ್ನು ಒಮ್ಮೆ ನೆನೆಯಬೇಕೆಂದು ನನಗನಿಸುತ್ತದೆ. ಅಲ್ಲಿ ಅಂಧತ್ವ ಅಪವಾದವಾಗಿರಲಿಲ್ಲ, ಅದೇ ಮನೆಯ ರೀತಿಯಾಗಿತ್ತು. ಕಂಬ ಎಲ್ಲಿದೆ, ತಂಬೂರಿ ಎಲ್ಲಿದೆ, ಊಟದ ಪಂಕ್ತಿ ಎಲ್ಲಿ ಕೂರುತ್ತದೆ ಎಂಬುದೆಲ್ಲ ಕಣ್ಣಿಲ್ಲದವರ ಅನುಕೂಲಕ್ಕೆ ಹೊಂದಿಕೊಂಡೇ ನಡೆಯುತ್ತಿತ್ತು. ಪಾಠದ ಜೊತೆಗೆ ಎರಡು ಹೊತ್ತಿನ ಪ್ರಸಾದವಿತ್ತು, ಮೈಮೇಲೆ ಬಟ್ಟೆಯಿತ್ತು. ಅಂತರ್ಜಾಲ ವೇದಿಕೆಯನ್ನು ಕೊಡಬಲ್ಲುದು, ಪ್ರಸಾದವನ್ನು ಕೊಡಲಾರದು. ಒಂದೇ ಮೊಬೈಲಿನಲ್ಲಿ ಮೂವರು ಮಕ್ಕಳ ಪಾಠ ನಡೆಯುವ ಮನೆಯಲ್ಲಿ ನಾಲ್ಕನೆಯ ಮಗುವಿನ ಸಂಗೀತಕ್ಕೆ ಸರದಿ ಬರುವುದಿಲ್ಲ. 2020ರಲ್ಲಿ ಜಾತ್ರೆಗಳು ನಿಂತಾಗ ನಮ್ಮ ನಾಟಕ ಕಂಪನಿಗಳ ಕಲಾವಿದರು ಏನಾದರೆಂಬುದನ್ನು ಉತ್ತರ ಕರ್ನಾಟಕದವರೆಲ್ಲ ಕಂಡಿದ್ದೇವೆ. ಹಾರ್ಮೋನಿಯಂ ಮಾಸ್ತರರೊಬ್ಬರು ಭಾಜಿಪಲ್ಲೆ ಮಾರುತ್ತ ನಮ್ಮ ಓಣಿಗೇ ಬಂದಿದ್ದರು. ಮೊಬೈಲಿನಲ್ಲಿ ಪೇಟಿ ನುಡಿಸಿ ತೋರಿಸಿರೆಂದು ಅವರಿಗೆ ಹೇಳುವ ಮನಸ್ಸಾಗಲಿಲ್ಲ.

ಅದೂ ಅಲ್ಲದೆ, ಈ ಹೊಸ ರಂಗಮಂದಿರದಲ್ಲಿ ಮೆಟ್ಟಿಲುಗಳಿಲ್ಲವೆಂದು ಶೀರ್ಷಿಕೆ ಕೊಟ್ಟಿದ್ದೇನಾದರೂ, ಕಟ್ಟುವವರು ಎಚ್ಚರ ತಪ್ಪಿದರೆ ಅಲ್ಲಿಯೂ ಮೆಟ್ಟಿಲುಗಳು ಏಳುತ್ತವೆ. ಸೆಕೆಂಡ್ ಲೈಫಿನಂಥ ಜಗತ್ತು ಪೂರ್ತಿ ಚಿತ್ರಮಯ. ಅಂಧರ ಗಣಕಯಂತ್ರ ಓದುವುದು ಅಕ್ಷರಗಳನ್ನು, ಚಿತ್ರಗಳನ್ನಲ್ಲ. ಮಾತು ಕೇಳದವರಿಗೆ ಪರದೆಯ ಕೆಳಗೆ ಅಕ್ಷರ ಬರದಿದ್ದರೆ ಎಂಥ ಉಪನ್ಯಾಸವೂ ತುಟಿಗಳ ಅಲುಗಾಟವಷ್ಟೇ. ಇನ್ನು ಕನ್ನಡದ ಒಂದು ಮೆಟ್ಟಿಲನ್ನು ಹೇಳದೆ ಮುಂದೆ ಹೋಗಲಾರೆ. ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಪ್ರಾರಂಭಿಸಿದ್ದು, ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯೂನಿಕೋಡ್ ಕ್ರಮದಲ್ಲಿ ಬೆರಳಚ್ಚಾದ ಕನ್ನಡವನ್ನು ಮಾತ್ರ. ನಮ್ಮಲ್ಲಿ ಎಷ್ಟೋ ಸಂಘಗಳು, ಪತ್ರಿಕೆಗಳು, ಕಚೇರಿಗಳು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಮಾಡಿಟ್ಟ ಪ್ರತಿಯನ್ನು ಅದಕ್ಕೆ ಕೊಟ್ಟರೆ ಅರ್ಥವಿಲ್ಲದ ಗೊಂದಲವನ್ನು ಓದುತ್ತದೆ. ಪುಟವನ್ನೇ ಚಿತ್ರವಾಗಿ ಹಿಡಿದು ಕಳಿಸಿದರೆ ಮೌನವಾಗಿ ಕೂರುತ್ತದೆ. ಕವಿಗೋಷ್ಠಿಯ ಆಹ್ವಾನವನ್ನು ಬಣ್ಣಬಣ್ಣದ ಚಿತ್ರವಾಗಿ ಹಂಚುವ ಬದಲು ಅದೇ ಸಂಗತಿಯನ್ನು ಅದರ ಕೆಳಗೆ ಎರಡು ಸಾಲು ಬೆರಳಚ್ಚು ಮಾಡಿದರೆ, ಕಣ್ಣಿಲ್ಲದ ಕವಿಗೂ ಆಹ್ವಾನ ತಲುಪುತ್ತದೆ. ಇದಕ್ಕೆ ಹಣ ಬೇಡ, ಅನುದಾನ ಬೇಡ.

ಈಗ 2020ರ ಮಾತಿಗೆ ಬರುತ್ತೇನೆ. ಆ ವರ್ಷ ಮಾರ್ಚ್ ಕೊನೆಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಅದುವರೆಗೆ ಅಕ್ಕನ ಮಗಳೊಬ್ಬಳೇ ಬಾಳುತ್ತಿದ್ದ ರೀತಿಯಲ್ಲಿ ಎಲ್ಲರೂ ಬಾಳಬೇಕಾಯಿತು. ನಮ್ಮ ಭಾಗದ ಕಲಾಸಂಸ್ಥೆಯೊಂದು ತನ್ನ ಮಾಸಿಕ ಕೂಟವನ್ನು ಪರದೆಯ ಮೇಲೆ ನಡೆಸತೊಡಗಿತು. ಮೊದಲ ಕೂಟದಲ್ಲಿ ಅವಳು ಕೇಳುಗಳಾಗಿದ್ದಳು. ಮೂರನೆಯದರಲ್ಲಿ ತನ್ನ ಹತ್ತು ಚಿತ್ರಗಳನ್ನು ತೋರಿಸಿದಳು. ಹಿರಿಯ ಚಿತ್ರಕಾರರೊಬ್ಬರು ಅವಳ ನೆರಳಿನ ಕೆಲಸವನ್ನು ಮೆಚ್ಚಿ, ಆಕೃತಿಗಳ ಕೈಗಳನ್ನು ಮಾತ್ರ ಅಷ್ಟೇ ನಿಷ್ಠುರವಾಗಿ ಟೀಕಿಸಿದರು. ಅವರಿಗೆ ಅವಳ ಗಾಲಿಕುರ್ಚಿ ಕಾಣುತ್ತಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಯಾರೋ ತನ್ನ ಚಿತ್ರವನ್ನು ಬೈದರೆಂದು ಆ ರಾತ್ರಿ ಅವಳು ಪಟ್ಟ ಸಂತೋಷವನ್ನು ನಾನು ಬಣ್ಣಿಸಲಾರೆ. ಮರುವರ್ಷ ಮಕ್ಕಳ ಚಿತ್ರಸ್ಪರ್ಧೆಗೆ ಅವಳೇ ತೀರ್ಪುಗಾರಳಾದಳು.

2022ರಲ್ಲಿ ಸಭಾಗೃಹಗಳು ತೆರೆದವು. ಇನ್ನು ಮುಂದೆ ಮೊದಲಿನಂತೆ ಎಲ್ಲರೂ ಮುಖಾಮುಖಿಯಾಗಿ ಸೇರೋಣವೆಂದು ಸಂಸ್ಥೆಯಿಂದ ಸೂಚನೆ ಬಂತು. ಆ ಸಭಾಗೃಹವಿರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾರ್ಯದರ್ಶಿಗಳು ಸಜ್ಜನರು. ನಾಲ್ಕು ಜನ ಹುಡುಗರು ಕುರ್ಚಿಯ ಸಮೇತ ಎತ್ತಿಕೊಂಡು ಬರುತ್ತಾರೆ, ಚಿಂತೆ ಬೇಡ ಎಂದರು. ಅವಳು ಕೈಮುಗಿದು ಬೇಡವೆಂದಳು. ನನ್ನ ಮುಂದೆ ಮಾತ್ರ, "ನಾ ಏನು ಪಾಲಿಕಿ ಉತ್ಸವ ಏನು ಮಾಮಾ, ಹೊತಗೊಂಡು ಹೋಗ್ಲಿಕ್ಕೆ?" ಎಂದು ನಕ್ಕಳು. ನಗು ಬೇಗ ನಿಂತಿತು. ಆ ಸೂಚನೆಯಲ್ಲಿದ್ದ "ಎಲ್ಲರೂ" ಎಂಬ ಶಬ್ದದ ಕೆಳಗೆ ಗೆರೆಯೆಳೆದು, ಮೂರು ಸಾಲಿನ ಪತ್ರದೊಡನೆ ಸಂಸ್ಥೆಗೆ ಮರಳಿ ಕಳಿಸಿದಳು.

ಉತ್ತರ ಬರಲು ಐದು ತಿಂಗಳು ಹಿಡಿಯಿತು. ಎರಡೂ ಬಗೆಯಲ್ಲಿ ಕೂಟ ನಡೆಸಲು ತಜ್ಞರು ಬೇಕು, ಯಂತ್ರಸಾಮಗ್ರಿ ಬೇಕು ಎಂಬ ಮಾತುಗಳಾದವು. ಕೊನೆಗೆ ಕಾಲೇಜು ಓದುವ ಸದಸ್ಯನೊಬ್ಬ ತನ್ನ ಮೊಬೈಲನ್ನು ಸ್ಟೂಲಿನ ಮೇಲೆ ಪುಸ್ತಕಗಳಿಗೆ ಆನಿಸಿಟ್ಟು ಪ್ರಾರಂಭಿಸಿದ. ಚಿತ್ರ ಕಂಡಿತು, ಮಾತು ಕೇಳಲಿಲ್ಲ. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್ ಒಂದನ್ನು ಕೊಂಡ ಮೇಲೆ ಅದೂ ಕೇಳಿತು. ತಜ್ಞರ ಅಗತ್ಯ ಅಲ್ಲಿಗೆ ಮುಗಿಯಿತು. ಈಗಲೂ ಹನ್ನೆರಡು ಕೂಟಗಳಲ್ಲಿ ಮೂರು-ನಾಲ್ಕು ತಪ್ಪುತ್ತವೆ, ಹುಡುಗನಿಗೆ ಪರೀಕ್ಷೆಯಿದ್ದರೆ ಪರದೆಯಿಲ್ಲ. ಆದರೆ ಸೋಜಿಗವೆಂದರೆ ಆ ಪರದೆಯ ಮುಂದೆ ಅವಳ ಜೊತೆಗೆ ಬೇರೆಯವರೂ ಬಂದು ಕೂರತೊಡಗಿದ್ದಾರೆ. ಕೈಗೂಸಿನ ತಾಯಿಯೊಬ್ಬಳು, ಡಯಾಲಿಸಿಸ್ ಮಾಡಿಸಿಕೊಳ್ಳುವ ನಿವೃತ್ತ ಡ್ರಾಯಿಂಗ್ ಮಾಸ್ತರರು, ಬಸ್ಸಿಗೆ ದುಡ್ಡಿಲ್ಲದ ಹಳ್ಳಿಯ ಇಬ್ಬರು ಹುಡುಗರು. ಇವರು ಮೊದಲೂ ಇದ್ದರು, ಯಾರೂ ಕರೆದಿರಲಿಲ್ಲ.

ಕಲಾವಿದರಾಗಿರುವ ವಿಕಲಾಂಗರಿಗೂ ಬರಹಗಾರರಿಗೂ ಸವಲತ್ತು, ಬೆಂಬಲ, ಪ್ರಾಯೋಜನೆ ಒದಗಿಸಬೇಕೆಂದು 2016ರ ಕಾಯಿದೆಯ 29ನೆಯ ಕಲಮು ಸರಕಾರಕ್ಕೆ ವಿಧಿಸುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವರ ಸೃಜನಶಕ್ತಿ ಬೆಳೆಯಬೇಕಾದದ್ದು ಇವರ ಹಿತಕ್ಕಾಗಿ ಮಾತ್ರವಲ್ಲ, ಸಮಾಜದ ಸಮೃದ್ಧಿಗಾಗಿಯೂ ಹೌದು ಎನ್ನುತ್ತದೆ. ಕಾಯಿದೆಯ ಭಾಷೆ ಕೇಳಲು ಇಂಪಾಗಿದೆ. ನಮ್ಮ ಜನರ ಮನಸ್ಸು ಮಾತ್ರ ಇನ್ನೂ ದಯೆಯ ಹಂತದಲ್ಲಿಯೇ ನಿಂತಿದೆ. 1950ರ ದಶಕದಲ್ಲಿ ಎರಿಕ್ ಸ್ಟೆಗ್‌ಮನ್ ಎಂಬ ಜರ್ಮನಿಯ ಚಿತ್ರಕಾರ, ಪೋಲಿಯೋದಿಂದ ಕೈ ಕಳೆದುಕೊಂಡವನು, ಬಾಯಿಯಿಂದಲೂ ಕಾಲಿನಿಂದಲೂ ಚಿತ್ರ ಬರೆಯುವವರ ಸಂಘವೊಂದನ್ನು ಕಟ್ಟಿದನು. ಅವರ ಚಿತ್ರಗಳ ಶುಭಾಶಯಪತ್ರಗಳು ಅಂಚೆಯ ಮೂಲಕ ದೇಶದೇಶಗಳಿಗೆ ಹೋದವು, ನಮ್ಮ ದೇಶಕ್ಕೂ ಬಂದವು. ಅಂತರ್ಜಾಲವಿಲ್ಲದ ಕಾಲದಲ್ಲಿ ಅಂಚೆಪೆಟ್ಟಿಗೆಯೇ ಅವರ ರಂಗಮಂದಿರವಾಗಿತ್ತು ಎನ್ನಬೇಕು. ದಾನ ಬೇಡ, ದುಡಿಮೆಯ ಬೆಲೆ ಕೊಡಿರಿ ಎಂಬುದು ಆ ಸಂಘದ ಮೊದಲಿನಿಂದಿನ ಪಟ್ಟು. ಕಾಯಕವೆಂಬ ಶಬ್ದವನ್ನು ದಿನವೂ ಉಚ್ಚರಿಸುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಆದರೂ ಎರಡು ವರ್ಷಗಳ ಕೆಳಗೆ ಪ್ರಕಾಶಕರೊಬ್ಬರು ಅಕ್ಕನ ಮಗಳಿಂದ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಿಸಲು ಬಂದಾಗ, ಸಂಭಾವನೆಯ ಮಾತೆತ್ತದೆ, ಇದು ಅವಳಿಗೆ ಒಳ್ಳೆಯ ಪ್ರೋತ್ಸಾಹವಾದೀತೆಂದು ನನ್ನ ಕಡೆಗೆ ತಿರುಗಿ ಹೇಳಿದರು. ಅವಳು ಎದುರಿಗೇ ಕುಳಿತಿದ್ದಳು. "ಸರ್, ಚಿತ್ರಕ್ಕೆ ಇಷ್ಟು ಅಂತ ನನ್ನ ದರ ಅದ" ಎಂದು ಶಾಂತವಾಗಿ ಹೇಳಿದಳು. ಅವರು ಚಹಾ ಕು­ಡಿದು ಹೋದವರು ಮತ್ತೆ ಬರಲಿಲ್ಲ. ಕಳೆದ ವರ್ಷ ಬೇರೊಬ್ಬರು ಬಂದರು, ದರ ಕೇಳಿದರು, ಅರ್ಧ ಹಣ ಮುಂಗಡ ಕೊಟ್ಟರು. ಆ ಹಣಕ್ಕೆ ತಮ್ಮನೂ ಒಂದಿಷ್ಟು ಕೂಡಿಸಿ ಹೊಸ ಐಪ್ಯಾಡ್ ಕೊಂಡಿದ್ದಾರೆ.

ಈಗ ಅವಳ ಬಲಗೈಯಲ್ಲಿ ಹೆಬ್ಬೆರಳೂ ಎರಡು ಬೆರಳುಗಳೂ ಚೆನ್ನಾಗಿ ಮಾತು ಕೇಳುತ್ತವೆ, ಅದೂ ಮುಂಜಾನೆಯ ಹೊತ್ತು. ಮಧ್ಯಾಹ್ನದ ಮೇಲೆ ಯಂತ್ರವನ್ನು ಕಣ್ಣಿಗೆ ಹೊಂದಿಸಿಕೊಂಡು ಅಭ್ಯಾಸ ಮಾಡುತ್ತಾಳೆ. ನೋಟ ಒಂದೆಡೆ ನಿಲ್ಲುವುದಿಲ್ಲ, ಗೆರೆ ಇರುವೆಯ ಸಾಲಿನಂತೆ ಅಂಕುಡೊಂಕಾಗುತ್ತದೆ, ಅರ್ಧ ಗಂಟೆಗೆ ಕಣ್ಣು ನೀರಾಡುತ್ತದೆ. ಪುಸ್ತಕದ ಹದಿನಾಲ್ಕು ಚಿತ್ರಗಳಲ್ಲಿ ಹನ್ನೊಂದು ಮುಗಿದಿವೆ. ಹನ್ನೆರಡನೆಯದರಲ್ಲಿ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುವ ಅಜ್ಜಿಯಿದ್ದಾಳೆ. ಅಜ್ಜಿಯ ಬೆನ್ನ ಹಿಂದಿನ ಗೋಡೆಯ ನೆರಳನ್ನೂ ಸೀರೆಯ ಬಣ್ಣವನ್ನೂ ಕಣ್ಣಿನಿಂದ ತುಂಬಿದ್ದಾಳೆ. ಕಾಯಿ ಸುಲಿಯುವ ಕೈಗಳನ್ನು ಮಾತ್ರ ಇನ್ನೂ ಬೆರಳಿನಿಂದಲೇ ಬರೆಯುತ್ತಿದ್ದಾಳೆ.